ಗೆರೆ ಕೂಡುವ ಜಾಗ

ಕೆಂಪಗಾಯಿತು, ಮೈಲುತುತ್ತದ ನೀಲಿ ನೀರು ಕಬ್ಬಿಣಕ್ಕೆ ತಾಗಿದ ಕೂಡಲೇ ತಾಮ್ರದ ಬಣ್ಣ ಏರಿತು, ಏರಿದ್ದು ಚಿನ್ನಪ್ಪನಿಗೆ ಕಾಣಿಸಿತು, ಬಣ್ಣವೇನೋ ಇನ್ನೂ ಕಾಣುತ್ತದೆ, ಕಾಣದಿರುವುದು ಗೆರೆ, ಆ ಬಣ್ಣದ ಮೇಲೆ ಉಕ್ಕಿನ ಸೂಜಿಯಿಂದ ಗೀರುವ ಕೂದಲೆಳೆಯಂಥ ಗೆರೆ, ಅದನ್ನು ಇನ್ನೊಂದು ಗೆರೆ ಹಾಯುವ ಜಾಗ — ಬಲಗಣ್ಣಿನಲ್ಲಿ ಯುಗಾದಿಯಿಂದೀಚೆಗೆ ಗಂಜಿಯ ಕೆನೆಯಂಥದ್ದು ಕಟ್ಟಿಕೊಂಡಿದೆ, ಎಡಗಣ್ಣಿಗೂ ಶುರುವಾಗಿದೆಯೋ ಏನೋ, ಹೆಂಡತಿ ಗಾದೆಮ್ಮನಿಗೂ ಹೇಳಿಲ್ಲ, ವರ್ಕ್‌ಶಾಪಿನ ಯಜಮಾನ ಮರಿಬಸಪ್ಪನಿಗಂತೂ ಹೇಳುವ ಮಾತೇ ಇಲ್ಲ, ಕಣ್ಣು ಹೋದ ಫಿಟ್ಟರನನ್ನು ಈ ಕೌಲ್ ಬಜಾರಿನಲ್ಲಿ ಯಾರು ಇಟ್ಟುಕೊಂಡಾರು. ಮರಿಬಸಪ್ಪ ಈಗ ಇಲ್ಲ, ಉಳಿದ ಕೆಲಸಗಾರರಿಬ್ಬರು ಊಟಕ್ಕೆ ಎದ್ದಿದ್ದಾರೆ, ಮೇಜಿನ ಮೇಲೆ ಎರಡು ಫ್ಲಾಂಜು, ಗೇಣಗಲದ ದಪ್ಪ ಬಿಲ್ಲೆಗಳು, ಇಂಜಿನ್ನಿನ ಶಾಫ್ಟಿಗೂ ಮಿಲ್ಲಿನ ಶಾಫ್ಟಿಗೂ ಗಂಟು ಹಾಕುವಂಥವು, ಬಿರುಕು ಬಿಟ್ಟ ಹಳೆಯದೊಂದು, ಮದ್ರಾಸಿನಿಂದ ತರಿಸಿದ ಹೊಸದೊಂದು, ಹೊಸದಕ್ಕೆ ಎಂಟು ತೂತು ಬೇಕು, ಎಂಟೂ ಹಳೆಯದರ ಲೆಕ್ಕಕ್ಕೇ ಕೂಡಬೇಕು, ಕೆಟ್ಟರೆ ಇನ್ನೊಂದು ಬರುವುದಕ್ಕೆ ತಿಂಗಳು. ಕೆಲಸ ಸಿರುಗುಪ್ಪದ ಅಕ್ಕಿ ಮಿಲ್ಲಿನದು. ತಂದವನು ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದಾನೆ, ಹೊನ್ನೂರಪ್ಪ, ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ, ಪಂಚೆಯ ಆ ಬದಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿದ್ದಾನೆ, ಕಂಕುಳ ಕೋಲು ಗೋಡೆಗೆ ಒರಗಿದೆ. ಮಿಲ್ಲಿನ ಲಾರಿ ಅವನನ್ನು ಇಳಿಸಿ ಹೋಗಿದೆ, ನಾಲ್ಕಕ್ಕೆ ಬರುತ್ತದೆ. ಬಂದವನೇ ಹೇಳಿದ್ದ, ನಾನೇ ಹೇಳಿದೆ ಮೇಸ್ತ್ರಿ ನಮ್ಮ ಸಾವಕಾರ್ಗೆ, ಕುರುಗೋಡಿನ್ಯಾಗ ಇಂಜಿನ್ ಕೂಡ್ಸಿದ ಚಿನ್ನಪ್ಪ ಮೇಸ್ತ್ರಿ ಅದಾರ, ಅವರ ಕೈಲೇ ಮಾಡಸ್ರಿ, ಬ್ಯಾರೆಯವ್ರು ಬ್ಯಾಡ ಅಂತ.

ಕುರುಗೋಡು ಅಂದನಲ್ಲ, ಅಂದವನ ಮುಖದಲ್ಲಿ ಏನೂ ಇರಲಿಲ್ಲ, ಹಳೆಯ ಪರಿಚಯದವರನ್ನು ಕಂಡ ಸಂತೋಷ ಬಿಟ್ಟರೆ — ಚಿನ್ನಪ್ಪ ಡಿವೈಡರಿನ ಕಾಲು ಹಳೆಯದರ ಅಳತೆಗೆ ಅಗಲಿಸಿ ಹೊಸದರ ಮೇಲೆ ಸುತ್ತು ಎಳೆದ, ಸುತ್ತನ್ನು ಎಂಟು ಪಾಲು ಮಾಡಿ ಅಡ್ಡಗೆರೆ ಹಾಕಿದ, ಗೆರೆ ಕಂಡು ಹಾಕಿದ್ದಲ್ಲ, ಉಕ್ಕು ಕಬ್ಬಿಣ ಕೊರೆಯುವ ಸದ್ದು ಕೇಳಿಕೊಂಡು ಹಾಕಿದ್ದು. ಆಮೇಲೆ ಡಾಟ್ ಪಂಚ್, ಬೆರಳುದ್ದದ ಉಕ್ಕಿನ ಕಡ್ಡಿ, ಸೂಜಿಮೊನೆ, ಬೆಳಿಗ್ಗೆಯೇ ಸಾಣೆ ಹಿಡಿದಿಟ್ಟದ್ದು, ಅದರ ಮೊನೆಯನ್ನು ಒಂದು ಗೆರೆಯೊಳಗೆ ಇಳಿಸಿ ಮೆಲ್ಲಗೆ ಜಾರಿಸುತ್ತ ಹೋದರೆ ಎರಡು ಗೆರೆ ಕೂಡುವಲ್ಲಿ ಬೆರಳಿಗೆ ಟಿಕ್ ಎನ್ನುತ್ತದೆ, ಕಿವಿಗೆ ಕೇಳುವುದಿಲ್ಲ, ಬೆರಳಿಗಷ್ಟೇ, ಅಲ್ಲಿ ನಿಲ್ಲಿಸಿ, ನೆಟ್ಟಗೆ ಹಿಡಿದು, ಸುತ್ತಿಗೆಯಿಂದ ಒಂದೇ ಒಂದು ಸಣ್ಣ ಏಟು, ಸಾಸಿವೆಗಿಂತ ಸಣ್ಣ ಚುಕ್ಕೆ. ಆರು ತಿಂಗಳಿಂದ ಅವನು ದುಡಿಯುತ್ತಿರುವುದು ಈ ಟಿಕ್‌ನ ಮೇಲೆ. ಒಂದು ಆಯಿತು, ಎರಡಾಯಿತು. ಹೊನ್ನೂರಪ್ಪ ಮಾತಾಡುತ್ತಲೇ ಇದ್ದ, ಈಗ ಗೇಟು ಕಾಯಾ ಕೆಲಸರಿ, ಕುಂತಲ್ಲೇ ಕೆಲಸ, ಕರೂರು ಕಡಿಯಿಂದ ನೆಲ್ಲಿನ ಬಂಡಿ ಬರ್ತಾವ, ಎಣಸಿ ಒಳಗ ಬಿಡೋದು, ಇಂಜಿನ್ ಮುಟ್ಟಾಕ ಮಾತ್ರ ಯಾರೂ ಬಿಡಂಗಿಲ್ಲ, ಮುಟ್ಟಾಕ ನನಗೂ ಧೈರ್ಯ ಇಲ್ಲ ಬಿಡ್ರಿ. ಮೂರು. ಧೈರ್ಯ ಇಲ್ಲ ಅಂದ ಇವನು, ಕುರುಗೋಡಿನ ಎಣ್ಣೆ ಮಿಲ್ಲಿನಲ್ಲಿ ಇಂಜಿನ್ನಿನ ಸದ್ದು ಕೇಳಿಯೇ ಯಾವ ಬೇರಿಂಗು ಬಿಸಿಯಾಗಿದೆ ಎಂದು ಹೇಳುತ್ತಿದ್ದವನು, ದಿನಾ ಬೆಳಿಗ್ಗೆ ಪಾನಾ ಹಿಡಿದು ಒಂದೊಂದೇ ಬೋಲ್ಟು ಬಿಗಿಮಾಡಿ ಆಮೇಲೆ ಇಂಜಿನ್ ಎಬ್ಬಿಸುತ್ತಿದ್ದವನು. ಎಂಟು ವರ್ಷವಾಯಿತು, ನಲವತ್ತನಾಲ್ಕನೇ ಇಸವಿ, ಶೇಂಗಾ ಸುಗ್ಗಿ, ಅಂಗಳದ ತುಂಬ ಚೀಲ, ಅಲ್ಲಿಯ ಸಾವಕಾರ ಚಿನ್ನಪ್ಪನ ತಲೆಯ ಮೇಲೆ ನಿಂತುಕೊಂಡು ಎಷ್ಟೊತ್ತಲೇ ಎಷ್ಟೊತ್ತು ಅನ್ನುತ್ತಿದ್ದಾನೆ, ಫ್ಲಾಂಜಿಗೆ ತೂತು ಗುರುತು ಮಾಡಬೇಕು, ಡಾಟ್ ಪಂಚಿನ ಮೊನೆ ಮುರಿದಿದೆ, ಸಾಣೆಕಲ್ಲು ಮಿಲ್ಲಿನ ಆಚೆ ತುದಿಯಲ್ಲಿದೆ, ಹೋಗಿ ಬರಲು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಸಾಕಿತ್ತು, ಅಷ್ಟೇ ಹೊತ್ತು, ಹೋಗಲಿಲ್ಲ. ಕೈಗೆ ಸಿಕ್ಕ ದಪ್ಪ ಮೊನೆಯ ಸೆಂಟರ್ ಪಂಚನ್ನೇ ಗೆರೆಯ ಮೇಲಿಟ್ಟು ಹೊಡೆದ. ಐದು ಸರಿ ಬಿದ್ದವು. ಆರನೆಯದು ಅಕ್ಕಿಕಾಳಿನಗಲ ಆಚೆಗೆ ಬಿತ್ತು, ಡ್ರಿಲ್ಲು ಅಲ್ಲೇ ಕೂತು ಅಲ್ಲೇ ಕೊರೆಯಿತು, ಬೋಲ್ಟು ಕೂಡಲಿಲ್ಲ, ಗುಂಡು ಅರ ತೆಗೆದುಕೊಂಡು ತೂತನ್ನು ಉದ್ದಕ್ಕೆ ಉಜ್ಜಿದ, ಮೊಟ್ಟೆಯಾಕಾರಕ್ಕೆ ಬಂತು, ಮೇಲೊಂದು ದೊಡ್ಡ ವಾಷರ್ ಹಾಕಿದ, ಮುಚ್ಚಿಹೋಯಿತು, ಆಗ ಕಣ್ಣು ಚೆನ್ನಾಗಿತ್ತು. ನಾಲ್ಕು.

ಐದನೆಯದಕ್ಕೆ ಟಿಕ್ ಎನ್ನಲಿಲ್ಲ. ಮೊನೆ ಜಾರಿತು, ಮುಂದಕ್ಕೆ ಹೋಯಿತು, ಹಿಂದಕ್ಕೆ ಎಳೆದ, ಮತ್ತೆ ಜಾರಿಸಿದ, ಇಲ್ಲ, ಇಲ್ಲಿ ಸೂಜಿ ಹಾರಿರಬೇಕು, ಗೆರೆ ಆಳಕ್ಕೆ ಇಳಿದಿಲ್ಲ, ಅಂದಾಜಿಗೆ ಇಲ್ಲೇ ಅನ್ನಿಸಿತು, ಕೈ ಹೇಳಿತು ಇಲ್ಲೇ ಎಂದು, ಮೂವತ್ತು ವರ್ಷದ ಕೈ, ಒಂದು ಏಟು ಹಾಕಿಯೇ ಬಿಟ್ಟ. ಹಾಕಿದ ಮೇಲೆ ಬಗ್ಗಿದ, ಬಿಲ್ಲೆಯನ್ನು ಬಾಗಿಲ ಬೆಳಕಿನ ಕಡೆ ತಿರುಗಿಸಿದ, ಕೆಂಪು ಕಂಡಿತು, ಕೆಂಪಿನ ಮೇಲೆ ಮಂಜು, ಚುಕ್ಕೆ ಎಲ್ಲಿದೆಯೋ ಗೆರೆ ಎಲ್ಲಿದೆಯೋ. ಸರಿಯಾಗಿಯೇ ಬಿದ್ದಿರಬಹುದು. ಬೀಳದೆಯೂ ಇರಬಹುದು. ಊಟಕ್ಕೆ ಹೋದವರು ಬರುವವರೆಗೆ ಕಾಯಬಹುದು, ಬಂದವರಿಗೆ ತೋರಿಸಿದರೆ ಸಂಜೆಯೊಳಗೆ ಮರಿಬಸಪ್ಪನ ಕಿವಿಗೆ ಬೀಳುತ್ತದೆ, ಸುಮ್ಮನೆ ಕೊರೆದು ಕಳಿಸಿದರೆ ಯಾರಿಗೂ ತಿಳಿಯುವುದಿಲ್ಲ, ಕುರುಗೋಡಿನದೇನು ತಿಳಿಯಿತೆ, ಮೂರು ತಿಂಗಳು ತಿರುಗಿತ್ತಲ್ಲ ಅದು, ಆಮೇಲೆ ಒಂದು ದಿನ ಬೋಲ್ಟು ಕಡಿದು ಇಡೀ ಗಂಟೇ ಸಿಡಿಯಿತು, ಹೊನ್ನೂರಪ್ಪನ ಕಾಲು ಹೋಯಿತು, ಅಂತ ಜನ ಹೇಳಿದರು, ಬೋಲ್ಟು ಬಿಗಿ ಮಾಡದೆ ಇಂಜಿನ್ ಎಬ್ಬಿಸಿದ್ದಾನೆ ಅಂತ, ಅವನದೇ ತಪ್ಪು ಅಂತ, ಸಾವಕಾರ ಅವನನ್ನು ಬಿಡಿಸಿದ ಅಂತ, ಚಿನ್ನಪ್ಪ ಇಲ್ಲಿ ಬಳ್ಳಾರಿಯಲ್ಲಿ ಕೂತು ಕೇಳಿದ, ಕೇಳಿ ಹೌದೇ ಅಂದ, ಅಷ್ಟೇ ಅಂದ. ನಿಮ್ಮ ಮಿಲ್ಲಿನಲ್ಲಿ ಇಂಜಿನ್ನಿನ ಪಕ್ಕ ಈಗ ಯಾರು ನಿಲ್ಲುತ್ತಾರೆ, ಎಂದು ಕೇಳಿದ, ಯಾಕೆ ಕೇಳಿದನೋ. ನಮ್ಮ ಅಳಿಯ ನಿಲ್ತಾನ್ರಿ, ಅಂದ ಹೊನ್ನೂರಪ್ಪ, ನಾನೇ ಹಚ್ಚೀನಿ ಕೆಲಸಕ್ಕ, ಬೋಲ್ಟ್ ಬಿಗಿ ಮಾಡಾದು ಮಾತ್ರ ಮರೀಬ್ಯಾಡಲೇ ಅಂತ ದಿನಾ ಹೇಳಿ ಕಳಸ್ತೀನಿ. ಚಿನ್ನಪ್ಪ ಸುತ್ತಿಗೆ ಕೆಳಗಿಟ್ಟ. ಹೊನ್ನೂರಪ್ಪ, ಸ್ವಲ್ಪ ಇಲ್ಲಿ ಬಾ, ಈ ಚುಕ್ಕಿ ಗೆರಿ ಮ್ಯಾಲೆ ಐತೇನು ನೋಡು, ನನಗ ಕಾಣವಲ್ದು. ಹೊನ್ನೂರಪ್ಪ ಕೋಲು ಎಳೆದುಕೊಂಡು ಬಂದ, ಕಾಣವಲ್ದು ಅಂದ್ರ, ಅಂದ. ಕಣ್ಣಿಗೆ ಪೊರಿ ಬಂದೈತಿ, ಯಾರಿಗೂ ಹೇಳಿಲ್ಲ. ಹೊನ್ನೂರಪ್ಪ ಅವನ ಮುಖ ನೋಡಿದ, ಬಿಲ್ಲೆಯ ಮೇಲೆ ಬಗ್ಗಿದ, ಬೀಡಿಯ ವಾಸನೆ, ಬೆವರಿನ ವಾಸನೆ, ಸುತ್ತಿನ ಗೆರಿ ಮ್ಯಾಲೆ ಬರೋಬ್ಬರಿ ಐತ್ರಿ, ಅಡ್ಡಗೆರಿ ಬಿಟ್ಟು ಈಕಡಿ ಸರದೈತಿ, ನನ್ನ ಕಡಿ, ಒಂದ ಕೂದಲು. ಚಿನ್ನಪ್ಪ ಮೊನೆಯನ್ನು ಅದೇ ಚುಕ್ಕೆಯೊಳಗೆ ಇಟ್ಟ, ಕಡ್ಡಿಯನ್ನು ಓರೆಯಾಗಿ ಹಿಡಿದ, ಮೊನೆ ಗೆರೆ ಕೂಡುವ ಕಡೆಗೆ ದೂಡುವ ಹಾಗೆ, ಮೆತ್ತಗೆ ತಟ್ಟಿದ, ಈಗ ಹೆಂಗೈತಿ ಅಂದ, ಇನ್ನೊಂದು ಸ್ವಲ್ಪ ಅಂದ ಹೊನ್ನೂರಪ್ಪ, ತಟ್ಟಿದ, ಹಾಂ ಬಂತು, ನೆಟ್ಟಗ ಹಿಡದು ಹೊಡೀರಿ. ಸಣ್ಣ ಚುಕ್ಕೆಯಾದ್ದರಿಂದ ಸರಿಯಿತು, ಸಣ್ಣದಾಗಿದ್ದಷ್ಟು ಹೊತ್ತು ಮಾತು ಕೇಳುತ್ತದೆ. ಆರು, ಏಳು, ಎಂಟು, ಒಂದೊಂದಕ್ಕೂ ಹೊನ್ನೂರಪ್ಪ ಬಗ್ಗಿ ನೋಡಿ ಸರಿ ಅಂದ.

ಎಂಟೂ ಆದ ಮೇಲೆ ಡಾಟ್ ಪಂಚ್ ಬದಿಗಿಟ್ಟು ಸೆಂಟರ್ ಪಂಚ್ ಎತ್ತಿಕೊಂಡ, ಇದರ ಮೂತಿ ಮೊಂಡು, ಸಣ್ಣ ಚುಕ್ಕೆಯಲ್ಲಿ ಕೂರಿಸಿ ಜೋರಾಗಿ ಹೊಡೆದರೆ ಡ್ರಿಲ್ಲಿನ ತುದಿ ಅಲುಗದೆ ನಿಲ್ಲುವಷ್ಟು ಗುಂಡಿ ಬೀಳುತ್ತದೆ, ಅಲ್ರಿ ಮೇಸ್ತ್ರಿ, ಅಂದ ಹೊನ್ನೂರಪ್ಪ, ಆ ದೊಡ್ಡದನ್ನ ಮೊದ್ಲೇ ಹೊಡದ್ರ ಜಲ್ದಿ ಆಗತಿತ್ತಲ್ಲ, ಎರಡೆರಡು ಸಲ ಯಾಕ. ಸುಮ್ಮನೆ ಕೇಳಿದ, ಹೊತ್ತು ಹೋಗದವನು ಕೇಳುವ ಹಾಗೆ. ಆಗಂಗಿಲ್ಲ, ಅಂದ ಚಿನ್ನಪ್ಪ, ಇದರ ಮೊನಿ ದಪ್ಪ, ಗೆರಿ ಮುಚ್ಚಿಬಿಡತೈತಿ, ಎಲ್ಲಿ ಕುಂತೈತಿ ಗೊತ್ತಾಗಂಗಿಲ್ಲ, ಹೊಡದ ಮ್ಯಾಲೆ ತಿದ್ದಾಕೂ ಬರಂಗಿಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು, ನಿಲ್ಲಿಸಿದ್ದೆ ಎಂದುಕೊಂಡ, ಬಾಯಿ ಮುಂದಕ್ಕೆ ಹೋಯಿತು, ಕುರುಗೋಡಿನ್ಯಾಗ ನಾನು ಹಂಗೇ ಹೊಡದಿದ್ದೆ, ದೊಡ್ಡದರಿಂದ, ಒಂದು ತೂತು ತಪ್ಪಿತ್ತು, ಅರ ಹಾಕಿ ಅಗಲ ಮಾಡಿ ವಾಷರ್ ಮುಚ್ಚಿದೆ, ಆ ಬೋಲ್ಟ್ ನಿಲ್ಲಂಗಿರಲಿಲ್ಲ, ನೀನು ಎಷ್ಟು ಬಿಗಿ ಮಾಡಿದ್ರೂ ನಿಲ್ಲಂಗಿರಲಿಲ್ಲ. ಹೊರಗೆ ಜಟಕಾ ಒಂದು ಹೋಯಿತು, ಕುದುರೆಯ ಗೆಜ್ಜೆ ಸದ್ದು ಬೀದಿಯ ತಿರುವಿನವರೆಗೂ ಕೇಳಿಸಿತು. ದಿನಾ ಸಡ್ಲ ಆಗತಿತ್ತು ಅದೊಂದು, ಅಂದ ಹೊನ್ನೂರಪ್ಪ, ದಿನಾ ಬಿಗಿ ಮಾಡತಿದ್ದೆ, ಬಿಗಿ ಮಾಡಿಲ್ಲ ಅಂತ ಎಲ್ಲಾರೂ ಅಂದ್ರು, ಆಸ್ಪತ್ರ್ಯಾಗ ಮಕ್ಕಂಡು ಮಕ್ಕಂಡು ನನಗೂ ಹಂಗೇ ಅನಿಸ್ತು, ಅವತ್ತೊಂದಿನ ಮರತಿದ್ನೇನೋ ಅಂತ, ಎಂಟು ವರ್ಷ ಅದನ್ನೇ ನೆಪ್ಪು ಮಾಡಿಕಂಡೀನಿ, ಪಾನಾ ಹಿಡದಿದ್ನಾ ಇಲ್ಲಾ, ಹಿಡದಿದ್ನಾ ಇಲ್ಲಾ ಅಂತ, ನನ್ನ ಹೆಂಡ್ತಿ ಈರಮ್ಮ ಇವತ್ತಿಗೂ ಅಂತಾಳ, ನಿನ್ನ ಕೈಯಾರ ನೀನೇ ಕಾಲು ಕಳಕಂಡಿ ಅಂತ. ಬೈಯಲಿಲ್ಲ ಅವನು, ಬೈದಿದ್ದರೆ ಚಿನ್ನಪ್ಪನಿಗೆ ಕೈ ಎಲ್ಲಿಡಬೇಕು ಎಂದು ತಿಳಿಯುತ್ತಿತ್ತು. ಎಷ್ಟು ತಪ್ಪಿತ್ತು, ಅಂದ ಹೊನ್ನೂರಪ್ಪ. ತೋರ್ಸು. ತೋರ್ಸು ಅಂದ, ರಿ ಬಿಟ್ಟುಹೋಗಿತ್ತು. ಚಿನ್ನಪ್ಪ ಗುಜರಿ ಡಬ್ಬಿಯಿಂದ ತಗಡಿನ ತುಂಡೊಂದು ಎತ್ತಿ ಮೇಜಿನ ಮೇಲಿಟ್ಟ, ಡಾಟ್ ಪಂಚ್ ಹಿಡಿದು ಒಂದು ಚುಕ್ಕೆ ಹಾಕಿದ, ಬೀಳಬೇಕಾದ್ದು ಇಲ್ಲಿ, ಅದರ ಪಕ್ಕ ಇನ್ನೊಂದು ಹಾಕಿದ, ಇದಕ್ಕೆ ಕಣ್ಣು ಬೇಕಾಗಲಿಲ್ಲ, ಬಿದ್ದದ್ದು ಇಲ್ಲಿ. ಹೊನ್ನೂರಪ್ಪ ತಗಡನ್ನು ಬೆಳಕಿಗೆ ಹಿಡಿದ, ಹೆಬ್ಬೆರಳಿನ ಉಗುರನ್ನು ಎರಡರ ನಡುವೆ ಇಟ್ಟ, ಉಗುರು ಅಗಲವಾಯಿತು, ಹಿಡಿಸಲಿಲ್ಲ, ಇಷ್ಟೇನಾ, ಅಂದ. ಇಷ್ಟೇ. ಇದನ್ನ ನಾನು ಒಯ್ತೀನಿ, ಈರಮ್ಮಗ ತೋರಸಬೇಕು, ನೀನೂ ಬಾ, ಲಾರಿ ನಾಕಕ್ಕ ಬರತೈತಿ, ನೀನೇ ಬಾಯಿ ಬಿಟ್ಟು ಹೇಳು ಆಕಿಗೆ, ಆಮ್ಯಾಲೆ ನಿನ್ನ ಕಣ್ಣಿನ ಮಾತು ನೋಡೋಣಂತ, ಮೊದ್ಲು ಇದನ್ನ ಮುಗಸು. ಬರ್ತೀನಿ, ಅಂದ ಚಿನ್ನಪ್ಪ, ಬರುತ್ತೇನೆ, ಏನಂತ ಹೇಳುವುದು ಆಕೆಗೆ, ಮೊನೆ ಮುರಿದಿತ್ತು ಅಂತಲೆ, ಸುಗ್ಗಿ ಅಂತಲೆ, ಸೆಂಟರ್ ಪಂಚ್ ಒಂದನೆಯ ಚುಕ್ಕೆಯಲ್ಲಿ ಕೂತಿದೆ, ನೆಟ್ಟಗಿದೆ, ಸುತ್ತಿಗೆ ಎತ್ತಿದ್ದಾಗಿದೆ, ಹೊಡೆಯಬೇಕು, ಎದುರಿಗೆ ಸ್ಟೂಲಿನ ಮೇಲೆ ಅವನು ತಗಡನ್ನು ತೊಡೆಯ ಮೇಲಿಟ್ಟುಕೊಂಡಿದ್ದಾನೆ, ಉಗುರು ಈ ಚುಕ್ಕೆಯಿಂದ ಆ ಚುಕ್ಕೆಗೆ ಹೋಗುತ್ತದೆ, ಆ ಚುಕ್ಕೆಯಿಂದ ಈ ಚುಕ್ಕೆಗೆ ಬರುತ್ತದೆ, ಮತ್ತೆ ಹೋಗುತ್ತದೆ, ಎರಡು ಚುಕ್ಕೆ, ಉಗುರು, ಎರಡು ಚುಕ್ಕೆ