ಮೂರು-ಎರಡು-ಒಂದು ಯಾರು?

ನಮ್ಮಲ್ಲಿ ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಬರೆಯಬಾರದು ಅಂತ ಮಾತ್ರ ಯಾರೂ ಹೇಳಿಲ್ಲ, ಆದ್ದರಿಂದ ಧೈರ್ಯವಾಗಿ ಬರೆಯುತ್ತೇನೆ: ನನ್ನ ದೊಡ್ಡ ಮಾವನ, ಅಂದರೆ ಮಾವನ ಅಣ್ಣನ, ಹೆಸರು ಜುಮಾದಿಲ್. ನಮ್ಮೂರು ಕೊಚ್ಕೊರ್‌ನ ಶಾಲೆಯಲ್ಲಿ ಬಹಳ ವರ್ಷ ಹೆಡ್ಮಾಸ್ತರರಾಗಿದ್ದವರು. ಈಗಲೂ ಅವರೆದುರು ಕೂತರೆ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಅದೇ ಶಾಲೆಯಲ್ಲಿ ನಾನೀಗ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ.

ನಿವೃತ್ತರಾದ ದೊಡ್ಡ ಮಾವ ಬಳಗದ ವಂಶಾವಳಿ ಬರೆಯಲು ಕೂತಿದ್ದರು. ಕುರಿ ಕುದುರೆಗಳು ಬೆಟ್ಟದ ಮೇಲಿನ ಹುಲ್ಲುಗಾವಲಿನಿಂದ ಇಳಿದು ಬಂದ ಮೇಲೆ ಇಡೀ ಬಳಗಕ್ಕೆ ದೊಡ್ಡ ಊಟ ಇಡುವುದಿತ್ತು. ಅವತ್ತು ಪ್ರತಿ ಮನೆಗೂ ಒಂದೊಂದು ಪುಸ್ತಕ ಕೊಡಬೇಕೆಂಬುದು ಅವರ ಆಸೆ. ಒಂದು ದಿನ ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮನೆಗೆ ಬಂದವರೇ ಅದನ್ನು ಆಗಷ್ಟೇ ಎಣ್ಣೆಯಲ್ಲಿ ಕರಿದಿಟ್ಟ ಬೋರ್ಸೋಕಿನ ರಾಶಿಯ ಪಕ್ಕ ಕುಕ್ಕಿದರು.

"ಸೊಸೆ, ಇದು ಕೆಟ್ಟಿದೆ ನೋಡು."

"ಏನಾಯ್ತು ದೊಡ್ಡ ಮಾವ?"

"ತಲಾಸ್‌ನವರು ಫೋನ್ ಮಾಡಿ ಬೈದ್ರು. ನಮ್ಮ ಮೂಲಪುರುಷನ ಎರಡನೇ ಮಗ ಅಲ್ಲಿಗೆ ಹೋಗಿ ನೆಲೆಸಿದ್ನಲ್ಲ, ಅವನನ್ನೇ ಬಿಟ್ಟುಬಿಟ್ಟಿದೀನಂತೆ. ಸರಿ, ಸೇರಿಸ್ದೆ. ಈಗ ಅವನಿಂದ ಕೆಳಗಿರೋ ಅಷ್ಟೂ ಜನರ ನಂಬರ್ ನಾನೇ ತಿದ್ದಬೇಕಂತೆ. ಅದಕ್ಕೆ ಕಂಪ್ಯೂಟರ್ ಯಾಕೆ ಬೇಕು? ಬಂಡೆ ಮೇಲೆ ಕೆತ್ತಿದ್ರೆ ಆಗ್ತಿತ್ತು."

ಕಡತ ತೆರೆದು ನೋಡಿದೆ. ನನ್ನ ಪಿತ್ತ ನೆತ್ತಿಗೇರಿತು. ಮಗನ ಹೆಸರು ಅಪ್ಪನಿಗಿಂತ ಒಳಕ್ಕೆ, ಮೊಮ್ಮಗನದು ಇನ್ನೂ ಒಳಕ್ಕೆ ಬರಲಿ ಅಂತ ಪುಟದ ತುಂಬ ಸ್ಪೇಸ್ ಬಾರ್ ಒತ್ತಿದ್ದರು. ನಂಬರುಗಳೆಲ್ಲ ಕೈಯಲ್ಲೇ ಟೈಪ್ ಮಾಡಿದ್ದು. ನನ್ನ ಐದನೇ ಕ್ಲಾಸಿನ ಹುಡುಗರು ಹೀಗೆ ಮಾಡಿದ್ದರೆ ಕಿವಿ ಹಿಂಡುತ್ತಿದ್ದೆ. ಹೆಡ್ಮಾಸ್ತರರ ಕಿವಿ ಹಿಂಡುವುದು ಹೇಗೆ?

"ಈ ಖಾಲಿ ಜಾಗ ಎಲ್ಲ ಒಂದೊಂದಾಗಿ ಒತ್ತಿದ್ರಾ?"

"ಮತ್ತಿನ್ನೇನು, ಊದಿದ್ರೆ ಜರುಗುತ್ತಾ?"

ಪಕ್ಕ ಕೂತು ತೋರಿಸಿಕೊಟ್ಟೆ. ಮೂಲಪುರುಷನ ಮಕ್ಕಳಿಗೆ ಹೆಡಿಂಗ್ ಒಂದು ಅನ್ನುವ ಗುರುತು, ಅವರ ಮಕ್ಕಳಿಗೆ ಹೆಡಿಂಗ್ ಎರಡು, ಆಮೇಲಿನವರಿಗೆ ಮೂರು. ಯಾರು ಎಷ್ಟನೇ ತಲೆಮಾರು ಅಂತ ಹೇಳುವುದಷ್ಟೇ ನಮ್ಮ ಕೆಲಸ. ನಂಬರು ಕೊಡುವುದು, ಒಳಕ್ಕೆ ಜರುಗಿಸುವುದು, ಮೊದಲ ಪುಟಕ್ಕೆ ಪರಿವಿಡಿ ಕಟ್ಟುವುದು, ಎಲ್ಲ ಕಂಪ್ಯೂಟರಿನ ಪಾಲಿಗೆ. ತಲಾಸ್‌ನ ತಾತನನ್ನು ಅಳಿಸಿ ಮತ್ತೆ ಸೇರಿಸಿದೆ. ಕೆಳಗಿನ ನಂಬರುಗಳೆಲ್ಲ ಒಟ್ಟಿಗೆ ಹಿಂದೆ ಸರಿದು ಒಟ್ಟಿಗೆ ಮುಂದೆ ಬಂದವು. ದೊಡ್ಡ ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮಗುವಿನಂತೆ ನಕ್ಕರು.

ಅವತ್ತಿನಿಂದ ನನಗೂ ಒಂದು ಅನುಕೂಲವಾಯಿತು. ಹೆಸರು ಹೇಳಬೇಕಾದ ಕಡೆ ನಂಬರು ಹೇಳತೊಡಗಿದೆ. ಮೂಲಪುರುಷನ ಮೂರನೆಯ ಮಗನ ಎರಡನೆಯ ಮಗ ಅಸನಾಲಿ, ಅವನ ಹಿರಿ ಮಗ ದೊಡ್ಡ ಮಾವ. "ಮೂರು-ಎರಡು-ಒಂದು ಚಹಾಕ್ಕೆ ಬರ್ತಾರಂತೆ, ಮೂರು-ಎರಡು-ಎರಡಕ್ಕೆ ಹೇಳಿ" ಅಂತ ನಾನು ಕೂಗಿದರೆ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಮೂರು-ಎರಡು-ಎರಡು ಅವರ ಗಂಡ, ಅಂದರೆ ನನ್ನ ಮಾವ. ದೊಡ್ಡ ಮಾವನಿಗಂತೂ ಕೊನೆಯ ಆ 'ಒಂದು' ಬಲು ಇಷ್ಟ. ಅದನ್ನು ಕೇಳಿದಾಗೆಲ್ಲ ಟೋಪಿ ಸರಿಮಾಡಿಕೊಳ್ಳುತ್ತಿದ್ದರು.

ಆದರೆ ಅಸನಾಲಿಯ ಮನೆಯಲ್ಲಿ ಈ ಅಣ್ಣತಮ್ಮಂದಿರಿಬ್ಬರಿಗೂ ಮೊದಲು ಹುಟ್ಟಿದವರು ಅನಾರ್ಕಾನ್ ಅಜ್ಜಿ. ಬೇರೆ ಕಣಿವೆಗೆ ಮದುವೆಯಾಗಿ ಹೋಗಿ, ಮಕ್ಕಳಾಗುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು. ವಂಶಾವಳಿ ಅಂತ ಏನಿದೆಯೋ ಅದು ಪೂರ್ತಿ ಇದ್ದದ್ದು ಅವರ ತಲೆಯಲ್ಲಿ. ಯಾರಿಗೆ ಯಾರು ಹುಟ್ಟಿದರು, ಯಾರ ಕುದುರೆ ಯಾವ ಬಣ್ಣದ್ದು, ಯಾರು ಯಾವ ಕಣಿವೆಯಲ್ಲಿ ಹಿಮಕ್ಕೆ ಸಿಕ್ಕಿ ಸತ್ತರು, ಎಲ್ಲ ಅವರು ಹೇಳುತ್ತಿದ್ದರು, ದೊಡ್ಡ ಮಾವ ಟೈಪ್ ಮಾಡುತ್ತಿದ್ದರು. ಮುಗಿಸುವಾಗ ಅಜ್ಜಿ ಒಂದೇ ಮಾತು ಕೇಳುತ್ತಿದ್ದರು.

"ನಾನೆಲ್ಲಿದೀನೋ?"

"ಅಕ್ಕ, ಹೆಣ್ಣುಮಕ್ಕಳು ಗಂಡನ ಕಡೆ ಪುಸ್ತಕದಲ್ಲಿ ಇರ್ತಾರೆ."

"ಅಲ್ಲೂ ಕೇಳಿಸ್ದೆ. ಅವರು ಸೊಸೆಯರನ್ನ ಬರೆಯಲ್ವಂತೆ."

"ಪದ್ಧತಿ ಅಕ್ಕ. ನಾನು ಮಾಡಿದ್ದಲ್ಲ."

ಕೊನೆಗೆ ಒಂದು ರಿಯಾಯಿತಿ ಕೊಟ್ಟರು. ಅಸನಾಲಿಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ "ಒಬ್ಬ ಮಗಳು, ಅನಾರ್ಕಾನ್" ಅಂತ ಒಂದು ಸಾಲು. ಹೆಡಿಂಗ್ ಅಲ್ಲ, ಬರೀ ಸಾಲು. ಅದಕ್ಕೆ ನಂಬರಿಲ್ಲ, ಅದು ಪರಿವಿಡಿಗೂ ಬರುವುದಿಲ್ಲ. ಅಜ್ಜಿ ಕೇಳಿದ್ದರಿಂದ ಇದನ್ನು ನಾನೇ ಬಿಡಿಸಿ ಹೇಳಬೇಕಾಯಿತು.

"ಪರಿವಿಡಿ ಅಂದ್ರೆ?"

"ಯಾರ ಹೆಸರು ಎಲ್ಲಿದೆ ಅಂತ ಹುಡುಕೋಕೆ, ಅಜ್ಜಿ."

"ಅಂದ್ರೆ ನನ್ನ ಹುಡುಕಿದವರಿಗೆ ನಾನು ಸಿಗಲ್ಲ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನನ್ನ ಪುಟ್ಟ ಮಗಳು ಆಯ್ಕಾನಿಶ್ ಕೂಡ ಆ ಪುಸ್ತಕದಲ್ಲಿ ಇರಲಿಲ್ಲ. ನಾನೇ ಕದ್ದು ಸೇರಿಸಬಹುದಿತ್ತು. ಆದರೆ ಕದ್ದು ಸೇರುವ ಹೆಸರು ಅಜ್ಜಿಗೆ ಬೇಕಿರಲಿಲ್ಲ.

ಪುಸ್ತಕ ಅಚ್ಚಿಗೆ ಹೋಗುವ ಮುಂಚಿನ ಶನಿವಾರ ಬೆಳಿಗ್ಗೆ ಎಲ್ಲರೂ ಚಹಾಕ್ಕೆ ಸೇರಿದ್ದೆವು. ದೊಡ್ಡ ಮಾವ ಲ್ಯಾಪ್‌ಟಾಪ್ ತೋರಿಸಿ ಪಾಠ ಶುರುಮಾಡಿದರು.

"ಇದರ ದೊಡ್ಡ ಗುಣ ಅಂದ್ರೆ ಪಕ್ಷಪಾತ ಇಲ್ಲ. ನಿನ್ನ ಹತ್ರ ಎಷ್ಟು ಕುದುರೆ ಇದೆ ಅಂತ ಕೇಳಲ್ಲ. ಅಪ್ಪ ಯಾರು, ಯಾರು ಮೊದಲು ಹುಟ್ಟಿದ್ದು, ಇಷ್ಟೇ ಕೇಳುತ್ತೆ."

ಅಜ್ಜಿ ಬಟ್ಟಲು ಕೆಳಗಿಟ್ಟರು. "ಹೌದೇನೋ? ಹಾಗಾದ್ರೆ ನನ್ನಪ್ಪ ಯಾರು?"

"ಇದೇನು ಕೇಳ್ತೀಯಕ್ಕ, ನಮ್ಮಪ್ಪನೇ."

"ಮೊದಲು ಹುಟ್ಟಿದ್ದು?"

ದೊಡ್ಡ ಮಾವ ಕನ್ನಡಕ ತೆಗೆದು ಒರೆಸತೊಡಗಿದರು. ನನ್ನ ಮಾವ ತಮ್ಮ ಚಹಾದೊಳಗೆ ಏನೋ ಬಿದ್ದಿದೆ ಅನ್ನುವಂತೆ ಬಗ್ಗಿ ನೋಡತೊಡಗಿದರು.

"ನಿನ್ನ ಸಿಂಬಳ ಒರೆಸಿದ್ದು ಯಾರು ಅಂತ ಕೇಳ್ತಿಲ್ಲ. ಮೊದಲು ಹುಟ್ಟಿದ್ದು ಯಾರು, ಅಷ್ಟೇ."

"ನೀನು."

"ಸೊಸೆ, ಅದಕ್ಕೆ ಹೇಳು."

ನಾನು ದೊಡ್ಡ ಮಾವನ ಮುಖ ನೋಡಿದೆ. ತಾವೇ ಹೇಳಿಕೊಟ್ಟ ಪಾಠ, ಬೇಡ ಅನ್ನುವುದು ಹೇಗೆ? ಸಣ್ಣ ಅಕ್ಷರದ ಆ ಸಾಲಿನಲ್ಲಿ ಅಜ್ಜಿಯ ಹೆಸರೊಂದನ್ನೇ ಉಳಿಸಿ ಹೆಡಿಂಗ್ ಮೂರು ಒತ್ತಿದೆ. ಅನಾರ್ಕಾನ್, ಮೂರು-ಎರಡು-ಒಂದು. ಜುಮಾದಿಲ್, ಮೂರು-ಎರಡು-ಎರಡು.

"ಭಾವ ಎರಡಾದ್ರು," ಅಂದರು ಅತ್ತೆ, ಸೆರಗಿನಷ್ಟು ಅಗಲದ ರುಮಾಲಿನಲ್ಲಿ ಬಾಯಿ ಮುಚ್ಚಿಕೊಂಡು.

"ವಾಪಸ್ ಮಾಡು," ಅಂದರು ದೊಡ್ಡ ಮಾವ. ದನಿ ಬಹಳ ತಗ್ಗಿತ್ತು.

"ವಾಪಸ್ ಆಮೇಲೆ ಮಾಡ್ಕೊಳ್ಳುವಿಯಂತೆ," ಅಂದರು ಅಜ್ಜಿ. "ಸೊಸೆ, ಅವನ ಕೆಳಗೆ ಬರಿ. ತೋತಿಯಾ."

ತೋತಿಯಾ ದೊಡ್ಡ ಮಾವನ ಹಿರಿಮಗಳು. ದೊಡ್ಡ ಮಾವನಿಗೆ ಐದು ಹೆಣ್ಣುಮಕ್ಕಳು, ಗಂಡು ಸಂತಾನವಿಲ್ಲ. ಊರಿಗೆಲ್ಲ ಗೊತ್ತಿದ್ದೂ ಯಾರೂ ಆಡದ ಮಾತು ಅದು. ನಿಯಮವನ್ನು ಅವರು ತಮ್ಮ ಮೇಲೂ ಬಿಗಿಯಾಗಿ ಹೇರಿಕೊಂಡಿದ್ದರು. ಪುಸ್ತಕದಲ್ಲಿ ಅವರ ಹೆಸರಾದ ಕೂಡಲೇ ತಮ್ಮನ ಹೆಸರು ಬರುತ್ತಿತ್ತು, ನಡುವೆ ಒಂದು ಸಾಲೂ ಇರಲಿಲ್ಲ. ಬರೆಯಲು ಕೂತ ದಿನದಿಂದ ದಿನಾ ಅದನ್ನು ನೋಡಿಕೊಂಡೇ ಟೈಪ್ ಮಾಡಿದ್ದರು.

ತೋತಿಯಾ ಅಂತ ಬರೆದು ಹೆಡಿಂಗ್ ನಾಲ್ಕು ಒತ್ತಿದೆ. ಅಪ್ಪನ ನಂಬರಿನ ಬೆನ್ನಿಗೆ ತನ್ನದೊಂದು ನಂಬರು ಅಂಟಿಸಿಕೊಂಡು ಹೆಸರು ಒಳಕ್ಕೆ ಸರಿದು ನಿಂತಿತು. ಉಲ್ಕಾನ್. ಸಾಲ್ಕಿನ್. ಅಷ್ಟರಲ್ಲಿ ದೊಡ್ಡ ಮಾವ ಕೂತಲ್ಲಿಂದ ಹತ್ತಿರ ಜರುಗಿದ್ದರು. ಕಾಲಿಪಾ. ಅಜ್ಜಿ ಬೇಕಂತಲೇ ಅಲ್ಲಿಗೆ ನಿಲ್ಲಿಸಿ ಬೋರ್ಸೋಕಿಗೆ ಕೆನೆ ಸವರತೊಡಗಿದರು.

"ಬುರುಲ್," ಅಂದರು ದೊಡ್ಡ ಮಾವ. "ಬುರುಲ್‌ನ ಬಿಟ್ರಿ."

ಬುರುಲ್ ಅಂದರೆ ನಮ್ಮಲ್ಲಿ 'ತಿರುಗು' ಅಂತ. ಮುಂದಿನದಾದರೂ ಗಂಡಾಗಲಿ ಅಂತ ಆ ಹುಡುಗಿಗೆ ಇಟ್ಟ ಹೆಸರು. ಮುಂದಿನದು ಹುಟ್ಟಲೇ ಇಲ್ಲ. ಆ ಹೆಸರನ್ನು ದೊಡ್ಡ ಮಾವ ಅಷ್ಟು ಮೆತ್ತಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಅವಳಿಗೆ ಮೂರು ಮಕ್ಕಳು," ಅಂದರು. "ಅವರಿಗೆ ಹೆಡಿಂಗ್ ಐದು ಅಲ್ವಾ? ಸರಿ ಆ ಕಡೆ, ನಾನೇ ಹಾಕ್ತೀನಿ. ನೀನು ತಪ್ಪು ಮಾಡ್ತೀಯ."

ನಾನು ಸಂತೋಷವಾಗಿ ಸರಿದು ಕೂತೆ. ಒಂದೇ ಬೆರಳಲ್ಲಿ ಕುಟ್ಟುತ್ತಾ ಎಲ್ಲ ಮೊಮ್ಮಕ್ಕಳನ್ನೂ ಹಾಕಿದರು. ಓಶ್ ನಗರದಲ್ಲಿದ್ದ ಬುರುಲ್‌ಗೆ ಫೋನ್ ಮಾಡಿ, "ಚಿಕ್ಕವನು ಹುಟ್ಟಿದ್ದು ಯಾವ ವರ್ಷವೇ? ಸರಿಯಾಗಿ ಹೇಳು, ಅಚ್ಚಾಗುತ್ತೆ" ಅಂತ ಗದರಿದರು. ಯಾವ ಪುಸ್ತಕ ಅಂತ ಬುರುಲ್ ಎರಡು ಸಲ ಕೇಳಿದಳು. ದೊಡ್ಡ ಮಾವ ಎರಡು ಸಲವೂ ಹೇಳಿದರು. ಆಮೇಲೆ ಅಚ್ಚಿನ ಮನೆಗೆ ಫೋನ್ ಮಾಡಿ, ಪುಸ್ತಕ ಸೋಮವಾರಕ್ಕೆ ಆಗಲ್ಲ, ಬಳಗ ದೊಡ್ಡದಾಗಿದೆ ಅಂತ ಹೇಳಿದರು.

ಇನ್ನು ಅಜ್ಜಿಯನ್ನು ಹಿಡಿಯುವವರು ಯಾರು? ಅಸನಾಲಿಯ ಅಕ್ಕಂದಿರು, ತಲಾಸ್‌ನ ತಾತನ ಹೆಣ್ಣುಮಕ್ಕಳು, ಹಿಮಕ್ಕೆ ಸಿಕ್ಕಿದವನ ತಂಗಿ, ಯಾರೂ ಬರೆದಿಡದ ಹೆಸರುಗಳೆಲ್ಲ ಬಂದವು. ನಂಬರುಗಳು ಮಧ್ಯಾಹ್ನದವರೆಗೂ ನಿಂತಲ್ಲಿ ನಿಲ್ಲಲಿಲ್ಲ. ಆಯ್ಕಾನಿಶ್ ಹೆಸರನ್ನು ದೊಡ್ಡ ಮಾವ ನಾನು ಕೇಳುವ ಮುಂಚೆಯೇ ಹಾಕಿದ್ದರು, ಅದೂ ಕಾಗುಣಿತ ತಪ್ಪಿಲ್ಲದೆ.

ಎಲ್ಲ ಮುಗಿದ ಮೇಲೆ ಅಜ್ಜಿ ನನ್ನ ತೋಳು ಮುಟ್ಟಿದರು. "ನನ್ನ ಕೆಳಗೆ ಯಾರೂ ಇಲ್ಲ ಅಲ್ವಾ?"

"ಇಲ್ಲ ಅಜ್ಜಿ."

"ಇಲ್ದೇ ಇರ್ಲಿ. ಮೇಲೆ ಇದಾನಲ್ಲ ಅಪ್ಪ. ಎಲ್ಲಿ, ಓದಿ ಹೇಳು."

ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡ ಮಾವ ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಶಾಲೆಯಲ್ಲಿ ಹಾಜರಿ ಕರೆಯುವ ದನಿಯಲ್ಲಿ ಓದಿದರು: "ಅಸನಾಲಿಯ ಮೊದಲನೇ ಮಗು, ಅನಾರ್ಕಾನ್."

"ಇನ್ನೊಂದ್ ಸಲ ಓದೋ."

ಓದಿದರು. ಅಜ್ಜಿ ಅಳುತ್ತಿದ್ದರು, ಬಾಯ್ತುಂಬ ನಗುತ್ತಲೂ ಇದ್ದರು. ಮೂರನೆಯ ಸಲ ಓದು ಅಂತ ಅವರು ಕೇಳಲಿಲ್ಲ. ದೊಡ್ಡ ಮಾವ ತಾವಾಗಿಯೇ ಓದಿದರು.