ತಿಜಾನಿಯ ಕೈ

ಮೂರು ವರ್ಷ ಯಾರೂ ಮುಟ್ಟದೆ ಮೂಲೆಗೆ ನಿಲ್ಲಿಸಿದ ಮೋಟರ್‌ಸೈಕಲ್ಲಿನ ಬ್ಯಾಟರಿ ಸತ್ತಿರಬೇಕು. ಇದರಲ್ಲಿ ವಾದಕ್ಕೆ ಜಾಗವಿಲ್ಲ. ನಾಬುಲ್ ಊರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಬ್ಯಾಟರಿ ಅಂಗಡಿ ಇಟ್ಟುಕೊಂಡವನು ನಾನು. ಆರು ತಿಂಗಳು ಚಾರ್ಜ್ ಮಾಡದೆ ಬಿಟ್ಟರೆ ಒಳಗಿನ ತಟ್ಟೆಗಳ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ, ಆಮೇಲೆ ತಲೆ ಕೆಳಗೆ ಮಾಡಿ ನಿಂತರೂ ಅದು ಏಳುವುದಿಲ್ಲ. ಅದಕ್ಕೇ ಆ ದಿನ ಬೆಳಗ್ಗೆ ಆರು ವೋಲ್ಟಿನ ಹೊಸ ಬ್ಯಾಟರಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡೇ ಅಮ್ಮನ ಮನೆಗೆ ಹೋಗಿದ್ದೆ.

ಮೂರು ವರ್ಷದ ಹಿಂದೆ ತೀರಿಕೊಂಡ ಅಪ್ಪನ ಜಾವಾ ಹಿತ್ತಲಿನ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ನಿಂತಿತ್ತು. ಅದನ್ನು ಕೊಳ್ಳಲು ರಾಜಧಾನಿ ತೂನಿಸ್‌ನಿಂದ ಶೇದ್ಲಿ ಎಂಬ ದೊಡ್ಡ ಮನುಷ್ಯರೊಬ್ಬರು ಮಧ್ಯಾಹ್ನ ಬರುವವರಿದ್ದರು. ಹಳೆಯ ಗಾಡಿ ಕೂಡಿಡುವ ಹುಚ್ಚು ಅವರಿಗೆ. ನಾನು ಮಾತು ಕೊಟ್ಟಾಗಿತ್ತು. ಅಮ್ಮನಿಗೆ ಹೇಳಿದಾಗ ಅವಳು "ನಿನ್ನಿಷ್ಟ" ಎಂದು ಅವರೆಕಾಳು ಸುಲಿಯುವುದನ್ನು ಮುಂದುವರಿಸಿದ್ದಳು, ಅಷ್ಟೆ.

ಟಾರ್ಪಾಲು ಎಳೆದೆ. ಕೀಲಿ ಒತ್ತಿದೆ. ಹಳೆಯ ಅಭ್ಯಾಸ, ಹೆಬ್ಬೆರಳು ತಾನಾಗಿ ಹಾರ್ನಿನ ಗುಂಡಿಗೆ ಹೋಯಿತು.

ಹಾರ್ನ್ ಕೂಗಿತು.

ನಾನು ಹಿಂದಕ್ಕೆ ಹಾರಿದ್ದಕ್ಕೆ ಹಿಮ್ಮಡಿ ತಗಲಿ ಆಲಿವ್ ಉಪ್ಪಿನಕಾಯಿಯ ಜಾಡಿ ಉರುಳಿತು. ಆರು ವೋಲ್ಟಿಗೆ ಯಾರಿಗೂ ಶಾಕ್ ಹೊಡೆಯುವುದಿಲ್ಲ ಎಂದು ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಹೇಳುವವನು ನಾನೇ. ಆ ದಿನ ನನಗೆ ಹೊಡೆಯಿತು. ಇನ್ನೊಮ್ಮೆ ಒತ್ತಿದೆ. ಇನ್ನೂ ಜೋರಾಗಿ ಕೂಗಿತು.

ಪಕ್ಕದ ಗೋಡೆಯ ಮೇಲೆ ಸಾದೋಕನ ತಲೆ ಎದ್ದಿತು. ಅವನು ಕುಂಬಾರ, ನಮ್ಮ ನೆರೆಯವನು, ಬಾಯಿಗೆ ಬೀಗವಿಲ್ಲದವನು.

"ಏನೋ ಜಲೂಲ್, ನಿಮ್ಮಪ್ಪ ಎದ್ ಬಂದ್ರೇನೋ?"

"ಬಾಯ್ಮುಚ್ಚೋ! ಈ ಗಾಡಿ ಓಡಿಸ್ತಿರೋದು ನೀನೇ ಅಲ್ವಾ? ಗೋಡೆ ಹಾರಿ ಬಂದು ಓಡಿಸ್ತೀಯಾ?"

"ನಾನಾ? ನನ್ ಮಂಡಿ ನೋಡಿದೀಯಾ? ಈ ಗೋಡೆ ಹಾರಿದ್ರೆ ಆಚೆ ಕಡೆಯಿಂದ ನನ್ನ ಎತ್ಕೊಂಡೇ ಹೋಗ್ಬೇಕು. ವಲ್ಲಾಹಿ, ದೇವರಾಣೆ, ಆ ಗಾಡಿ ಶಬ್ದ ಕೇಳಿ ಮೂರು ವರ್ಷ ಆಯ್ತು."

ಮಂಡಿಯ ಮಾತು ನಿಜ. ಹಾಗಾದರೆ ಯಾರು? ಬ್ಯಾಟರಿಯ ಮಟ್ಟಿಗೆ ಸುಳ್ಳು ನಡೆಯುವುದಿಲ್ಲ. ಅದು ಬದುಕಿದೆ ಎಂದರೆ ಯಾರದೋ ಕೈ ತಿಂಗಳು ತಿಂಗಳೂ ಅದರ ಮೇಲೆ ಇದೆ.

ಅದನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ತುದಿಗಳಲ್ಲಿ ಹಸಿರು ಕಿಲುಬು ಇಲ್ಲ. ಯಾರೋ ಅಡುಗೆ ಸೋಡಾ ನೀರಿನಲ್ಲಿ ಒರೆಸಿ ವ್ಯಾಸಲೀನ್ ಸವರಿದ್ದಾರೆ. ಗಾಳಿ ಹೋಗುವ ರಬ್ಬರ್ ಕೊಳವೆ ಶುಭ್ರವಾಗಿದೆ. ಒಳಗಿನ ನೀರು ಸೆಲ್ಲುಗಳ ಮೂರು ಮನೆಯಲ್ಲೂ ಎರಡು ಗೆರೆಗಳ ನಡುವೆ ಒಂದೇ ಮಟ್ಟದಲ್ಲಿ ನಿಂತಿದೆ. ಅಪ್ಪ ಹೋಗುವುದಕ್ಕೆ ಐದು ವರ್ಷ ಮೊದಲು ಕೊಂಡ ಬ್ಯಾಟರಿ ಇದು. ಎಂಟು ವರ್ಷ! ನನ್ನ ಅಂಗಡಿಯದು ಎರಡು ವರ್ಷ ಬಾಳಿದರೆ ಗಿರಾಕಿ ಬಂದು ಕೈ ಕುಲುಕುತ್ತಾನೆ.

ಅಪ್ಪನ ಬ್ಯಾಟರಿಗಳು ಮೊದಲಿನಿಂದಲೂ ಹಾಗೆಯೇ. ಅಂಚೆ ಹಂಚುತ್ತಾ ನಲವತ್ತು ವರ್ಷ ಜಾವಾ ಓಡಿಸಿದವರು ಅವರು. ಕಾಫಿ ಅಂಗಡಿಯಲ್ಲಿ ಗೆಳೆಯರು "ಏನಯ್ಯಾ ತಿಜಾನಿ, ಅದಕ್ಕೇನು ಹಾಕ್ತೀಯಾ?" ಎಂದು ಕೇಳಿದರೆ ಬಲಗೈ ಎತ್ತಿ ಅಂಗೈ ತೋರಿಸುತ್ತಿದ್ದರು. "ಕೈ. ಎಲ್ಲಾ ಕೈಯಲ್ಲಿದೆ." ನಾನು ಅಂಗಡಿ ತೆರೆದಾಗ ಫಲಕಕ್ಕೆ ಬೇರೆ ಹೆಸರೇ ಹುಡುಕಲಿಲ್ಲ. ನೀಲಿ ಬಣ್ಣದಲ್ಲಿ ದೊಡ್ಡದಾಗಿ ಬರೆಸಿದೆ: ತಿಜಾನಿಯ ಕೈ. ಶೇದ್ಲಿಯವರು ಊರೆಲ್ಲ ಬಿಟ್ಟು ಈ ಗಾಡಿಯನ್ನೇ ಹುಡುಕಿಕೊಂಡು ಬರುತ್ತಿದ್ದುದೂ ಆ ಹೆಸರಿಗಾಗಿಯೇ.

ಮೊದಲ ಮನೆಯ ಮುಚ್ಚಳ ತಿರುಗಿಸಿ ಮೂಗು ಬಗ್ಗಿಸಿದೆ. ಆಸಿಡ್ಡಿನ ಖಾರ ಇತ್ತು. ಅದರ ಹಿಂದೆ, ತೀರ ಸಣ್ಣಗೆ, ಕಹಿ ಕಿತ್ತಳೆಯ ಹೂವಿನ ವಾಸನೆ.

ನಾನು ಅಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟೆ.

ಅಂಗಳದಲ್ಲಿ ಅಮ್ಮ ಕಿತ್ತಳೆ ಹೂವಿನ ನೀರು ಭಟ್ಟಿ ಇಳಿಸುವ ತಾಮ್ರದ ಹಂಡೆಯನ್ನು ಒಲೆಗೆ ಏರಿಸಿದ್ದಳು. ಮಾರ್ಚ್ ಮುಗಿಯುತ್ತಿತ್ತು, ಹೂವು ಇನ್ನೆರಡು ದಿನಕ್ಕೆ ಮಾರುಕಟ್ಟೆಗೆ ಬರುವುದಿತ್ತು. ಹೂವು ತುಂಬುವ ಮೊದಲು ಬರೀ ನೀರನ್ನು ಕುದಿಸಿ ಹಬೆ ಇಳಿಸಿ ಹಂಡೆ ತೊಳೆಯುವುದು ನಮ್ಮೂರಿನ ಎಲ್ಲ ಮನೆಯ ಪದ್ಧತಿ. ಹೋದ ವರ್ಷದ ಹೂವಿನ ವಾಸನೆ ಹಿಡಿದ ಆ ಮೊದಲ ನೀರನ್ನು ಅಂಜೂರದ ಬುಡಕ್ಕೆ ಚೆಲ್ಲುತ್ತಾರೆ. ಹಬೆಯಾಗಿ ಮೇಲೇರಿ ಹನಿಹನಿಯಾಗಿ ಇಳಿದ ನೀರು! ಸುಣ್ಣದ ಕಣ ಇರದ ನೀರು. ಬ್ಯಾಟರಿ ನೀರು ಅಂದರೆ ಬೇರೇನು? ಇಪ್ಪತ್ತೆರಡು ವರ್ಷ ನನ್ನ ಕಣ್ಣ ಮುಂದೆಯೇ ಅದು ತೊಟ್ಟಿಕ್ಕಿದೆ, ನಾನು ಒಮ್ಮೆಯೂ ಹಾಗೆ ಯೋಚಿಸಿರಲಿಲ್ಲ.

"ಯಮ್ಮಾ," ಎಂದೆ. "ಈ ಬ್ಯಾಟರಿಗೆ ನೀರು ಹಾಕ್ತಿರೋದು ಯಾರು?"

ಅಮ್ಮ, ಬೇಯಾ, ಎಪ್ಪತ್ತೊಂದರ ಹೆಂಗಸು, ಹಬೆ ಸೋರದಂತೆ ಹಂಡೆಯ ಕೊರಳಿಗೆ ಹಿಟ್ಟು ಮೆತ್ತುತ್ತಿದ್ದವಳು ತಿರುಗಲಿಲ್ಲ.

"ಇನ್ಯಾರು ಹಾಕ್ತಾರೆ? ಬೆಕ್ಕಾ?"

"ನೀನಾ? ಚಾರ್ಜು?"

"ತಿಂಗಳ ಮೊದಲನೇ ದಿನ. ಕರೆಂಟು ಜಾಸ್ತಿ ಹೋಗ್ದಿರ್ಲಿ ಅಂತ ಮಧ್ಯೆ ಒಂದು ಬಲ್ಬು ಸೇರಿಸ್ಕೊಂಡು ಸಣ್ಣಗೆ, ಬೆಳಗ್ಗೆಯಿಂದ ಸಾಯಂಕಾಲ. ಬಿಸಿ ಆಗ್ಬಾರ್ದು. ಕೈ ಇಟ್ಟು ನೋಡ್ತಾ ಇರ್ತೀನಿ."

"ಅಪ್ಪ ಹೋದ್ಮೇಲೆ ನೀನು..."

"ಅವರಿದ್ದಾಗ್ಲೂ ನಾನೇ ಕಣೋ." ಈಗ ತಿರುಗಿದಳು. ಮುಖದಲ್ಲಿ ಸಿಕ್ಕಿಬಿದ್ದವರ ಭಯವಿರಲಿಲ್ಲ, ಬರೀ ಬೇಸರ. "ಮದುವೆ ಆದ ವರ್ಷ ನಿಮ್ಮಪ್ಪ ನಲ್ಲಿ ನೀರು ಸುರಿದು ಎರಡು ಬ್ಯಾಟರಿ ಕೊಂದ್ರು. ಮೂರನೇದು ತಂದು ಇಲ್ಲೇ ಕೂತ್ಕೊಂಡು ಅತ್ರು. ನಮ್ಮೂರ್ ನೀರಲ್ಲಿ ಕಾಫಿ ಪಾತ್ರೆ ತಳಕ್ಕೆ ಸುಣ್ಣ ಕಟ್ಟುತ್ತೆ, ಹಂಡೆಯಿಂದ ಇಳಿದ ನೀರಲ್ಲಿ ಕಟ್ಟಲ್ಲ. ಅದಕ್ಕೆ ಹಂಡೆ ನೀರು ಹಾಕಿ ನೋಡ್ದೆ. ಅಷ್ಟೇ. ಕಾಫಿ ಅಂಗಡೀಲಿ ಜನ ಕೇಳಿದ್ರಂತೆ, ಇವ್ರು ಅಂಗೈ ತೋರಿಸಿದ್ರಂತೆ. ಮನೆಗೆ ಬಂದು ನಕ್ಕೊಂಡು ಹೇಳಿದ್ರು. ಬಾಯಿ ಅವರದ್ದು, ನೀರು ನಂದು. ಹಂಗೇ ನಡೀತು."

ಅಪ್ಪ ನನಗೆ ಕಲಿಸಿದ್ದೆಲ್ಲ ಒಂದೊಂದಾಗಿ ನೆನಪಾಯಿತು. 'ನೀರು ಹಾಕೋವಾಗ ಪಕ್ಕದಲ್ಲಿ ನಿಲ್ಲಬೇಡ, ಬ್ಯಾಟರಿಗೆ ದೃಷ್ಟಿ ತಾಗುತ್ತೆ. ಇಟ್ಟು ಹೋಗು, ನಾಳೆ ಬಾ.' ಈ ಮಾತನ್ನು ನಾನು ಗಂಭೀರವಾಗಿ ಗಿರಾಕಿಗಳಿಗೂ ಹೇಳುತ್ತಾ ಬಂದಿದ್ದೇನೆ! ಅಮ್ಮ ಬಂದು ಕೆಲಸ ಮಾಡಿಕೊಂಡು ಹೋಗಲಿ ಎಂದು ಅಪ್ಪ ಹೂಡಿದ ಆಟ ಅದು. ಅಮ್ಮನ ಹಳೆಯ ಅಂಗಿಗಳಲ್ಲಿ ಸಾಸಿವೆ ಗಾತ್ರದ ತೂತುಗಳಿರುತ್ತಿದ್ದವು. ಒಲೆಯ ಕಿಡಿ ಅಂದುಕೊಂಡಿದ್ದೆ. ನನ್ನ ಪ್ರತಿ ಅಂಗಿಯಲ್ಲೂ ಅದೇ ತೂತುಗಳಿವೆ, ಅವು ಆಸಿಡ್ಡಿನವು ಎಂದು ನನಗೆ ಚೆನ್ನಾಗಿ ಗೊತ್ತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಆಗ ಇನ್ನೊಂದು ಹೊಳೆಯಿತು.

"ಯಮ್ಮಾ, ಅಪ್ಪ ನನ್ನ ಅಂಗಡಿಗೆ ತಿಂಗಳಿಗೆ ಎರಡು ಕ್ಯಾನು ನೀರು ತರ್ತಿದ್ರು. ತೂನಿಸ್‌ನಲ್ಲಿ ಯಾರೋ ಗೆಳೆಯ ಕೊಡ್ತಾನೆ ಅಂತ..."

"ಆ ಗೆಳೆಯ ನಾನೇ. ಬೀದಿಯವರೆಲ್ಲಾ ಬೇಯಾ ವರ್ಷವಿಡೀ ಏನು ಭಟ್ಟಿ ಇಳಿಸ್ತಾಳಪ್ಪಾ ಅಂತಿದ್ರು."

"ಮತ್ತೆ ಅವರು ಹೋದ್ಮೇಲೆ ಯಾಕೆ ನಿಲ್ಲಿಸ್ದೆ?"

ಅಮ್ಮ ನನ್ನನ್ನು ನೆಟ್ಟಗೆ ನೋಡಿದಳು. "ನಿಮ್ಮಪ್ಪನ ನಲವತ್ತನೇ ದಿನದ ಊಟ ಆದ್ಮೇಲೆ ಎರಡು ಕ್ಯಾನು ತುಂಬಿ ನಿನ್ನ ಅಂಗಡಿ ಬಾಗಿಲಿಗೆ ತಂದಿದ್ದೆ. ನೀನು ಏನಂದೆ? 'ಇಲ್ಲಿಗ್ ಬರ್ಬೇಡ ಯಮ್ಮಾ, ಆಸಿಡ್ಡು, ಇದು ಹೆಂಗಸರ ಜಾಗ ಅಲ್ಲ. ಆ ಕ್ಯಾನಲ್ಲಿ ಆಲಿವ್ ನೆನೆಹಾಕ್ಕೋ ಹೋಗು' ಅಂದೆ. ಹೋದೆ. ನಿನ್ನ ಅಂಗಡಿ ನಿಂದು. ಆ ಗಾಡಿ ನಂದು ಅಂದ್ಕೊಂಡಿದ್ದೆ."

ನಾನು ಹಾಗೆಂದಿದ್ದೆ. ಕಾಳಜಿಯಿಂದಲೇ ಅಂದಿದ್ದೆ ಎಂದು ಈಗ ಹೇಳಿದರೆ ಯಾರಿಗೆ ಉಪಯೋಗ? ಅಂದಿನಿಂದ ನನ್ನ ಬ್ಯಾಟರಿಗಳು ವರ್ಷಕ್ಕೇ ವಾಪಸು ಬರತೊಡಗಿದ್ದವು. ಈಗಿನ ತಟ್ಟೆಗಳೆಲ್ಲ ಕಾಗದ, ತಯಾರಿಸುವವರೆಲ್ಲ ಕಳ್ಳರು ಎಂದು ನಾನು ಬೈದುಕೊಂಡು ತಿರುಗುತ್ತಿದ್ದೆ. ಕುಣಿಯಲಾರದವನಿಗೆ ನೆಲ ಡೊಂಕು.

"ನೀನು ಹಾಕೋ ನೀರು ಇದೆಯಾ?" ಎಂದಳು.

ಚೀಲದಲ್ಲಿ ಬಾಟಲಿಯಿತ್ತು. ಅದರ ಮೇಲೆ 'ಶುದ್ಧ' ಎಂದು ಅಚ್ಚಾಗಿತ್ತು. ಅಮ್ಮ ಕಾಫಿಯ ಎರಡು ಚಮಚ ತಂದು, ಒಂದಕ್ಕೆ ಆ ನೀರು, ಇನ್ನೊಂದಕ್ಕೆ ಹಂಡೆಯಿಂದ ಇಳಿದ ನೀರು ತುಂಬಿ ಒಲೆಯ ಉರಿಗೆ ಹಿಡಿದಳು. ನೀರು ಸುರ್ ಎಂದು ಆರಿತು. ಹಂಡೆ ನೀರಿನ ಚಮಚದಲ್ಲಿ ಏನೂ ಉಳಿಯಲಿಲ್ಲ. ನನ್ನ ಚಮಚದ ತಳದಲ್ಲಿ ಬಿಳಿಯ ಉಂಗುರವೊಂದು ಕುಳಿತಿತ್ತು. ಉಗುರಿನಿಂದ ಕೆರೆದೆ. ಸುಣ್ಣ. ನಲ್ಲಿ ನೀರನ್ನೇ ಬಾಟಲಿಗೆ ತುಂಬಿ ಮಾರಿದ್ದಾನೆ ಯಾವನೋ ಪುಣ್ಯಾತ್ಮ. ಮೂರು ವರ್ಷ ನಾನು ಅದನ್ನು ಊರಿನವರ ಬ್ಯಾಟರಿಗಳಿಗೆ ನನ್ನ ಕೈಯಾರೆ ಸುರಿದಿದ್ದೇನೆ, ಅಪ್ಪನ ಹೆಸರಿನ ಫಲಕದ ಕೆಳಗೆ ನಿಂತು.

ಹೊರಗೆ ಕಾರಿನ ಬಾಗಿಲು ಬಡಿಯಿತು.

ಅಮ್ಮ ನನ್ನ ತೋಳು ಹಿಡಿದಳು. "ಯಾರ ಹತ್ರಾನೂ ಬಾಯಿ ಬಿಡ್ಬೇಡ. ಸತ್ತವರ ಹೆಸರು ಕೆಡಿಸ್ಬೇಡ. ಐವತ್ತು ವರ್ಷ ಆ ಮಾತನ್ನ ನಾನೂ ಕಾಪಾಡಿದೀನಿ. ಗಾಡಿ ಕೊಡ್ತೀನಿ ಅಂತ ಮಾತು ಕೊಟ್ಟಿದೀಯ, ಕೊಡು."

ಶೇದ್ಲಿಯವರು ಒಳಗೆ ಬಂದರು. ಬಿಳಿ ಮೀಸೆ, ಒಳ್ಳೆಯ ಬೂಟು. ಗೋಡೆಯ ಮೇಲೆ ಸಾದೋಕನ ತಲೆ ಕರೆಯದೇ ಬಂದು ಕುಳಿತಿತ್ತು. ನಾನು ಮಾತಿಲ್ಲದೆ ಹಳೆಯ ಬ್ಯಾಟರಿಯನ್ನೇ ಮತ್ತೆ ಕೂರಿಸಿ, ಟ್ಯಾಂಕಿಗೆ ಪೆಟ್ರೋಲು, ಎಣ್ಣೆ ಹಾಕಿ ಕಿಕ್ಕರ್ ಒದ್ದೆ. ಐದನೇ ಒದೆತಕ್ಕೆ ಜಾವಾ ನೀಲಿ ಹೊಗೆ ಬಿಟ್ಟು ಎದ್ದಿತು. ಶೇದ್ಲಿಯವರು ದೀಪ ನೋಡಿದರು, ಹಾರ್ನ್ ಒತ್ತಿದರು, ಬಗ್ಗಿ ಬ್ಯಾಟರಿಯ ಮೇಲಿನ ಇಸವಿ ಓದಿ ಹುಬ್ಬು ಏರಿಸಿದರು.

"ಎಂಟು ವರ್ಷದ್ದಾ? ನಿಮ್ಮ ತಂದೆ ಕೈ ಬಗ್ಗೆ ಕೇಳಿದ್ದೆ. ಈಗ ಕಣ್ಣಾರೆ ನೋಡ್ದೆ. ಆ ಕೈ ನಿಮಗೂ ಬಂದಿದೆ, ಅಲ್ವಾ?"

ಹೌದು ಎನ್ನಬೇಕಿತ್ತು. ಇಪ್ಪತ್ತೆರಡು ವರ್ಷ ಅಂದ ಮಾತು, ಬಾಯಿಪಾಠ ಆಗಿತ್ತು. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಅವಳ ಕೈಯಲ್ಲಿ ಇನ್ನೂ ಆ ಎರಡು ಚಮಚಗಳಿದ್ದವು.

"ಇಲ್ಲ," ಎಂದೆ. "ನಂಗೂ ಬಂದಿಲ್ಲ, ಅಪ್ಪಂಗೂ ಇರ್ಲಿಲ್ಲ. ಇದು ಮೊದಲಿಂದ್ಲೂ ನಮ್ಮಮ್ಮನ ಕೆಲಸ. ನಂಗೂ ಗೊತ್ತಾಗಿದ್ದು ಈಗಲೇ."

ಸಾದೋಕ ಗೋಡೆಯ ಮೇಲಿಂದ ಕೇಕೆ ಹಾಕಿ ನಕ್ಕ. "ಏನು ಕುಡಿದಿದೀಯೋ ಹಾಡಹಗಲೇ?" ಶೇದ್ಲಿಯವರೂ ಸೌಜನ್ಯಕ್ಕೆ ನಕ್ಕರು. ಅಮ್ಮನ ಮುಖ ಬಿಳಿಚಿಕೊಂಡಿತು. ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡು, ನಾನು ಮಾಡಬಾರದ್ದು ಮಾಡಿಬಿಟ್ಟೆ ಅನ್ನಿಸಿತು. ಅಪ್ಪನನ್ನು ಎರಡನೇ ಸಲ ಮಣ್ಣಿಗೆ ಹಾಕಿದ್ದೆ, ಅದೂ ಅವಳ ಕಣ್ಣೆದುರಿಗೇ.

ಅಮ್ಮ ಚಮಚಗಳನ್ನು ಕೆಳಗಿಟ್ಟಳು. ಅಂಗಿಗೆ ಕೈ ಒರೆಸಿಕೊಂಡು ಗಾಡಿಯ ಹತ್ತಿರ ಬಂದು, ಯಾರ ಅಪ್ಪಣೆಯನ್ನೂ ಕೇಳದೆ ಎಂಜಿನ್ ಆರಿಸಿದಳು. ಕೂತು, ಬ್ಯಾಟರಿ ಎಳೆದು, ಮೂರೂ ಮುಚ್ಚಳ ಬಿಚ್ಚಿದಳು. ಆಸಿಡ್ಡಿನ ಗಟ್ಟಿತನ ಅಳೆಯುವ ಗಾಜಿನ ಕೊಳವೆ ನನ್ನ ಚೀಲದಲ್ಲಿತ್ತು. ಅದನ್ನು ಕೇಳಲೂ ಇಲ್ಲ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, "ನಡುವಿನದು ಒಂದು ಕೂದಲು ಕಡಿಮೆ ಇದೆ" ಎಂದು ಹಂಡೆ ನೀರಿನ ಸೀಸೆಗೆ ಕೈ ಚಾಚಿದಳು. ನಾನು ಅಳೆದು ನೋಡಿದೆ. ನೀರು ಕಡಿಮೆಯಾದಷ್ಟೂ ಆಸಿಡ್ ಗಟ್ಟಿ, ನಡುವಿನದೇ ಒಂದು ಕೂದಲು ಹೆಚ್ಚು ಗಟ್ಟಿ ಇತ್ತು. ಅಮ್ಮ ಅದಕ್ಕೆ ನಾಲ್ಕು ಹನಿ ಬಿಟ್ಟಳು.

ಸಾದೋಕನ ನಗು ಎಲ್ಲೋ ನಿಂತುಹೋಗಿತ್ತು. ನನ್ನ ಐವತ್ತು ವರ್ಷದಲ್ಲಿ ಅವಳು ಬೇರೆಯವರ ಮುಂದೆ ಆ ಬ್ಯಾಟರಿ ಮುಟ್ಟಿದ್ದನ್ನು ಕಂಡದ್ದು ಅದೇ ಮೊದಲು.

"ಕೇಳಿ ಯಜಮಾನರೇ," ಅಮ್ಮ ಮುಚ್ಚಳ ಬಿಗಿಯುತ್ತಾ ಹೇಳಿದಳು. "ಬರೀ ನೀರು ಹಾಕಿ, ಆಸಿಡ್ ಹಾಕ್ಬೇಡಿ. ಹನ್ನೆರಡು ವೋಲ್ಟಿನ ಚಾರ್ಜರ್ ಹತ್ರಾನೂ ತರ್ಬೇಡಿ. ತಿಂಗಳಿಗೊಂದ್ಸಲ, ನಿಧಾನಕ್ಕೆ ಚಾರ್ಜ್ ಮಾಡಿ. ಮೂರು ತಿಂಗಳಿಗೊಮ್ಮೆ ಅಂಗಡಿಗೆ ತಂದು ತೋರಿಸಿ."

"ಆಗ್ಲಿ ತಾಯಿ," ಎಂದರು ಶೇದ್ಲಿಯವರು. ಈಗ ನಗುತ್ತಿರಲಿಲ್ಲ. "ನಿಮ್ಮ ಮಗನಿಗೆ ತೋರಿಸ್ತೀನಿ."

"ಅವನಿಗ್ಯಾಕೆ?" ಅಮ್ಮ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡಳು. "ಅವನಿನ್ನೂ ಕಲೀಬೇಕು. ನಂಗೆ ತೋರಿಸಿ."