ಸೋರಿಕೆಯ ಕರೆಯೋಲೆ

ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಗುಬ್ಬಿಯ ಪೇಟೆ ಬೀದಿಯಲ್ಲಿ ಬಿಳಿ ಕಾರೊಂದು ನಿಂತಿತು. ಚನ್ನವೀರಯ್ಯನವರೂ ಅವರ ಹೆಂಡತಿಯೂ ಇಳಿದರು. ಹೆಂಡತಿಯ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕುಂಕುಮದ ಬಟ್ಟಲು, ಹೂವು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಲಕೋಟೆಗಳ ಕಟ್ಟು. ಬಾಗಿಲು ತೆಗೆದ ಸರ್ವಮಂಗಳಳಿಗೆ ಅವರ ಮುಖ ಕಂಡದ್ದೇ ತಡ, ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಭೂಮಿ ಯಾವತ್ತಾದರೂ ಕೇಳಿದ ತಕ್ಷಣ ಬಾಯಿಬಿಟ್ಟದ್ದುಂಟೇ? ಬಿಡಲಿಲ್ಲ.

ಚನ್ನವೀರಯ್ಯ ತುಮಕೂರಿನ ಮರಳೂರಿನಲ್ಲಿ ವಧೂವರರ ಮಾಹಿತಿ ಕೇಂದ್ರ ನಡೆಸುವವರು. ಸರ್ವಮಂಗಳ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುವವಳು, ವಯಸ್ಸು ನಲವತ್ತಮೂರು. ಗಂಡ ಮಲ್ಲಿಕಾರ್ಜುನ್ ತೀರಿಕೊಂಡು ಒಂಬತ್ತು ವರ್ಷ. ಅಂದಿನಿಂದ ಮನೆಯಲ್ಲಿ ಅವಳು ಮತ್ತು ಅತ್ತೆ ರೇವಮ್ಮ, ಇಬ್ಬರೇ. ಹೋದ ಜೂನ್‌ನಲ್ಲಿ ಮೌಲ್ಯಮಾಪನ ಇದೆ ಎಂದು ಅತ್ತೆಗೆ ಸುಳ್ಳು ಹೇಳಿ ತುಮಕೂರಿಗೆ ಹೋಗಿ, ತನ್ನ ಹೆಸರನ್ನು ತಾನೇ ನೋಂದಾಯಿಸಿ ಬಂದಿದ್ದಳು. ಅದರಲ್ಲೇನೂ ತಪ್ಪಿಲ್ಲ. ತಪ್ಪೆಲ್ಲ ಫಾರಂನ ಹನ್ನೆರಡನೇ ಕಾಲಂನಲ್ಲಿತ್ತು. ‘ಅವಲಂಬಿತರು’ ಎಂಬಲ್ಲಿ ಅವಳು ‘ಒಬ್ಬರು, ಅತ್ತೆ’ ಎಂದು ಬರೆದಿದ್ದಳು. ಕೌಂಟರಿನಲ್ಲಿದ್ದ ಅಕ್ಷತಾ ಬಗ್ಗಿ ನೋಡಿ, “ಮೇಡಂ, ಎರಡನೇ ಮದ್ವೆಗೆ ಮೊದಲನೇ ಗಂಡನ ತಾಯೀನೂ ಜೊತೇಲಿ ಬರ್ತಾರೆ ಅಂದ್ರೆ ಒಂದ್ ಫೋನೂ ಬರಲ್ಲ” ಎಂದಳು. ಸರ್ವಮಂಗಳ ಕೆಳಗಿಟ್ಟಿದ್ದ ಪೆನ್ನನ್ನು ಮತ್ತೆ ಎತ್ತಿಕೊಂಡಳು. ಆಮೇಲೆ ಅತ್ತೆಯ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ‘ಯಾರೂ ಇಲ್ಲ’ ಎಂದು ಬರೆದಳು. ವಾಪಸು ಬರುವಾಗ ಅತ್ತೆಗೆಂದು ಒಂದು ಡಜನ್ ಏಲಕ್ಕಿ ಬಾಳೆಹಣ್ಣು ತಂದಳು. ಏನು ಪ್ರಾಯಶ್ಚಿತ್ತವಪ್ಪಾ!

ಹೋದ ವಾರ ಯಾರೋ ಪುಣ್ಯಾತ್ಮರು ಕೇಂದ್ರದ ಕಂಪ್ಯೂಟರಿಗೆ ಕನ್ನ ಹಾಕಿ, ಸಾವಿರದ ಚಿಲ್ಲರೆ ಜನರ ಸ್ಕ್ಯಾನ್ ಮಾಡಿಟ್ಟಿದ್ದ ಫಾರಂಗಳನ್ನು ವಾಟ್ಸಾಪಿಗೆ ಬಿಟ್ಟಿದ್ದರು. ಪ್ರತಿಯೊಬ್ಬ ಗ್ರಾಹಕರಿಗೂ ತಿಳಿಸಲೇಬೇಕು, ಮೊಬೈಲಿಗೆ ಒಂದು ಮೆಸೇಜು ಹಾಕಿದರೆ ಸಾಕು ಎಂದು ಲಾಯರು ಲಕ್ಷ್ಮೀಕಾಂತ್ ಹೇಳಿದ್ದರು. ಚನ್ನವೀರಯ್ಯ ಒಪ್ಪಲಿಲ್ಲ. “ಮನೆತನಸ್ಥರ ವಿಷ್ಯ ಕಣ್ರೀ. ಮೆಸೇಜಲ್ಲಿ ಹೇಳಿದ್ರೆ ಮರ್ಯಾದೆ ಇರುತ್ತಾ?” ಎಂದು ಪ್ರೆಸ್ಸಿಗೆ ಹೋಗಿ ಪತ್ರ ಅಚ್ಚು ಹಾಕಿಸಿದರು. ಲಗ್ನಪತ್ರಿಕೆ ಹಂಚುವ ಹಾಗೆ ದಂಪತಿ ಸಮೇತ ಮನೆಮನೆಗೆ ಹೊರಟರು. ಶನಿವಾರ ಕುಣಿಗಲ್ ಮುಗಿಸಿದ್ದರು. ವಾಟ್ಸಾಪ್ ನೋಡದೆ ಇದ್ದ ಅಕ್ಕಪಕ್ಕದವರಿಗೂ ಅಲ್ಲಿ ಯಾರ ಮನೆಯಲ್ಲಿ ಯಾರಿಗೆ ಮದುವೆಯಾಗಿಲ್ಲ ಎಂಬುದು ಸಂಜೆಯೊಳಗೆ ಗೊತ್ತಾಗಿತ್ತು. ನಾಲ್ಕು ಮನೆಗಳಲ್ಲಿ ಕಾಫಿ ಕೊಟ್ಟಿರಲಿಲ್ಲ. ಯಾಕೆಂದು ಚನ್ನವೀರಯ್ಯನವರಿಗೆ ಇನ್ನೂ ಅರ್ಥವಾಗಿರಲಿಲ್ಲ.

ರೇವಮ್ಮ ಅರಿಶಿನದ ಲಕೋಟೆ ನೋಡಿ ಹಿಗ್ಗಿದರು. “ಬನ್ನಿ ಬನ್ನಿ, ಕೂತ್ಕಳಿ. ಮದ್ವೆ ಯಾರ್ದಪ್ಪಾ?”

ಚನ್ನವೀರಯ್ಯ ಗಂಟಲು ಸರಿಮಾಡಿಕೊಂಡು ಓದಿದರು. “ಗುರುಹಿರಿಯರ ಆಶೀರ್ವಾದದಿಂದ ನಮ್ಮ ಕೇಂದ್ರದಲ್ಲಿ ಕಳೆದ ಮಂಗಳವಾರ ತಮ್ಮ ಮಾಹಿತಿ ಸೋರಿಕೆಯಾಗಿರುತ್ತದೆ. ತಾವು ಸಕುಟುಂಬ ಸಪರಿವಾರ ಸಮೇತರಾಗಿ ಎಚ್ಚರದಿಂದಿದ್ದು, ಯಾರಿಗೂ ಒಟಿಪಿ ಕೊಡದೆ, ನಮ್ಮನ್ನು ಕ್ಷಮಿಸಿ ಆಶೀರ್ವದಿಸಬೇಕಾಗಿ ಕೋರಿಕೆ.” ಕೊನೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದೂ ಇತ್ತು. ಅದನ್ನು ಪ್ರೆಸ್ಸಿನವರು ರೂಢಿಯ ಮೇಲೆ ಹಾಕಿದ್ದರು.

“ಏನ್ ಸೋರ್ತು?” ಎಂದರು ರೇವಮ್ಮ.

“ನಿಮ್ ಸೊಸೆಯವರ ಫಾರಂ, ತಾಯಿ.”

ಪಕ್ಕದ ಮನೆಯ ಹನುಮಮ್ಮ ಅಷ್ಟು ಹೊತ್ತಿಗೆ ಕಾಂಪೌಂಡಿಗೆ ಒರಗಿ, ಒಣಗಿದ ಬಟ್ಟೆಯನ್ನೇ ಮತ್ತೆ ಒಣಹಾಕುತ್ತಿದ್ದಳು. ಚನ್ನವೀರಯ್ಯ ಗಟ್ಟಿ ದನಿಯಲ್ಲೇ ಮುಂದುವರಿಸಿದರು. “ಕಾನೂನ್ ಪ್ರಕಾರ ಗ್ರಾಹಕರಿಗೆ ಹಕ್ಕಿದೆ ತಾಯಿ. ಏನ್ ಹೋಗಿದೆ ಅಂತ ನೋಡ್ಬೋದು, ತಪ್ಪಿದ್ರೆ ತಿದ್ದಿಸ್ಬೋದು, ಬ್ಯಾಡ ಅಂದ್ರೆ ಅಳಿಸ್ಬೋದು. ನಮ್ ಮೇಲೆ ದೂರು ಬೇಕಾದ್ರೂ ಕೊಡ್ಬೋದು. ತಗಳಿ, ಹೋಗಿರೋದರ ಕಾಪಿ.”

ಸರ್ವಮಂಗಳ ಕೈ ಚಾಚುವ ಮೊದಲೇ ಕಾಗದ ರೇವಮ್ಮನವರ ಕೈ ಸೇರಿತು. ಅವರು ಕನ್ನಡಕ ಹಾಕಿಕೊಂಡು, ವಚನ ಓದುವಷ್ಟೇ ನಿಧಾನವಾಗಿ ಒಂದನೇ ಕಾಲಂನಿಂದ ಓದತೊಡಗಿದರು. ಹನ್ನೆರಡಕ್ಕೆ ಬಂದಾಗ ಬೆರಳು ನಿಂತಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಸರ್ವಮಂಗಳಳದು ಒಂದು ಗೆರೆಗೆ ಹೋಗಿತ್ತು. ರೇವಮ್ಮ ಕಾಗದ ಮಡಚಿ, “ಕಾಫಿ ಮಾಡು ಮಂಗಳಾ, ದೂರದಿಂದ ಬಂದವ್ರೆ” ಎಂದರು. ಚನ್ನವೀರಯ್ಯ ಕಾಫಿ ಕುಡಿದು, ಗುಬ್ಬಿಯವರು ದೊಡ್ಡ ಮನಸ್ಸಿನವರು ಎಂದು ಹೊಗಳಿ ಹೋದರು.

ಆ ರಾತ್ರಿ ರೇವಮ್ಮ ತಾವೇ ಬಡಿಸಿಕೊಂಡು ಉಂಡು, ಗೋಡೆ ಕಡೆ ತಿರುಗಿ ಮಲಗಿದರು. ಸೋಮವಾರ ಸರ್ವಮಂಗಳ ಕಾಲೇಜಿನಿಂದ ಬರುವಷ್ಟರಲ್ಲಿ ಎರಡು ಸೀರೆ, ಬಿಪಿ ಮಾತ್ರೆ, ಇಷ್ಟಲಿಂಗ ಪೂಜೆಯ ಸಾಮಾನು ಎಲ್ಲ ಒಂದು ಬ್ಯಾಗಿಗೆ ಸೇರಿದ್ದವು.

“ನಾಳೆ ಸಿ.ಎಸ್. ಪುರಕ್ಕೆ ಹೋಯ್ತೀನಿ. ತಮ್ಮನ ಮನೆಗೆ.”

“ಎಷ್ಟು ದಿನಕ್ಕೆ ಅತ್ತೆ?”

“ಇಲ್ದೋಳಿಗೆ ದಿನದ್ ಲೆಕ್ಕ ಯಾಕೆ?”

ಸರ್ವಮಂಗಳ ಅಲ್ಲೇ ಕೂತು ಅತ್ತಳು. ರೇವಮ್ಮ ಸಮಾಧಾನ ಮಾಡಲಿಲ್ಲ. “ಮದ್ವೆ ಆಗು ಕಣೇ, ನಾನ್ ಯಾವತ್ತು ಬ್ಯಾಡ ಅಂದೆ? ನನ್ ಮಗನ್ನೇ ನೆನೆಸ್ಕೊಂಡು ಕೂತ್ಕೋ ಅಂದ್ನಾ? ಆದ್ರೆ ಬರೆದು ಹೊಡೆದು ಹಾಕಿದೀಯಲ್ಲ. ಮೊದ್ಲೇ ಬರೀದೆ ಇದ್ದಿದ್ರೆ, ಮರ್ತಿದಾಳೆ ಅನ್ಕೊಂಡು ಸುಮ್ನಾಗ್ತಿದ್ದೆ.”

ಒಂಬತ್ತು ವರ್ಷ ಬೆಳಿಗ್ಗೆ ಡಬ್ಬಿ ಕಟ್ಟಿಕೊಟ್ಟು, ಸಂಜೆ ಬಸ್ಸು ತಡವಾದರೆ ಬೀದಿ ತುದಿಗೆ ಬಂದು ನಿಲ್ಲುತ್ತಿದ್ದ ಹೆಂಗಸು. ಅವರು ಹೋದರೆ ಸಂಜೆ ಬೀಗ ತೆಗೆದು ಒಳಗೆ ಬರಬೇಕಾದವಳು ಸರ್ವಮಂಗಳ ಒಬ್ಬಳೇ. ಕಣ್ಣೊರೆಸಿಕೊಂಡು ಎದ್ದಳು. “ನಾಳೆ ಮೊದ್ಲು ನನ್ ಜೊತೆ ತುಮಕೂರಿಗೆ ಬನ್ನಿ. ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗಿ.” ರೇವಮ್ಮ ಬಂದರು, ಬ್ಯಾಗು ಸಮೇತ.

ಮರಳೂರಿನ ಕೇಂದ್ರದಲ್ಲಿ ಹೆಸರು ಅಳಿಸಲು ಬಂದವರ ಸಾಲು ರಸ್ತೆಯವರೆಗೂ ಇತ್ತು. ವಾಟ್ಸಾಪಿನಲ್ಲಿ ಹೆಸರು ಮಾತ್ರ ನೋಡಿದ್ದವರು ಈಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತಿದ್ದರು. ಸರದಿ ಬಂದಾಗ ಅಕ್ಷತಾ ತಲೆ ಎತ್ತದೆ, “ಅಳಿಸೋದಲ್ವಾ ಮೇಡಂ?” ಎಂದಳು.

“ಅಲ್ಲ. ತಿದ್ದೋದು. ಹನ್ನೆರಡನೇ ಕಾಲಂ. ‘ಒಬ್ಬರು, ಅತ್ತೆ’ ಅಂತ ಹಾಕು.”

“ಮೇಡಂ, ಫೋನ್ ಬರಲ್ಲ ಅಂತ ಅವತ್ತೇ ಹೇಳಿದ್ದೆ.”

“ಬರದಿದ್ರೆ ಬೇಡ. ನಾನು ಸುಳ್ಳು ಬರೆದಿದ್ದೆ, ತಪ್ಪು ನಂದು. ತಿದ್ದು.”

ರೇವಮ್ಮ ಕೌಂಟರಿನ ಮೇಲೆ ಬಗ್ಗಿದರು. “ತಾಳವ್ವ. ಅವಲಂಬಿತರು ಅಂದ್ರೆ ಯಾರು?”

“ನಿಮ್ಮನ್ನ ನಂಬ್ಕೊಂಡಿರೋರು ಅಜ್ಜಿ.”

“ಹಂಗಾದ್ರೆ ಇದೂ ತಪ್ಪೇ. ಇವ್ಳು ಬೆಳಿಗ್ಗೆ ಎದ್ದು ಸ್ಟೌ ಹಚ್ಚಿದ್ದು ನಾನ್ ಕಂಡಿಲ್ಲ. ಯಾರು ಯಾರ್ನ ನಂಬ್ಕೊಂಡವ್ರೆ? ಸರಿಯಾಗಿ ಬರಿ.”

ಚನ್ನವೀರಯ್ಯ ಒಳಗಿನಿಂದ ಎದ್ದು ಬಂದರು. “ತಾಯಿ, ತಿದ್ದಿಸೋ ಹಕ್ಕು ಗ್ರಾಹಕರಿಗೆ ಮಾತ್ರ. ನೀವು ಗ್ರಾಹಕರಲ್ಲ.” ಅಕ್ಷತಾಳೂ ದನಿಗೂಡಿಸಿದಳು. “ಕಂಪ್ಯೂಟರ್ ನಂಬರ್ ಮಾತ್ರ ತಗೊಳೋದು ಅಜ್ಜಿ, ಕಥೆ ಎಲ್ಲ ತಗೊಳಲ್ಲ.”

ರೇವಮ್ಮ ಸೊಸೆಯ ಕಡೆ ತಿರುಗಿದರು. ಎರಡು ದಿನದ ಮೇಲೆ ಮೊದಲ ಸಲ ಮುಖ ಕೊಟ್ಟು ನೋಡಿದರು. “ಒಂದು ಅಂತ ಹಾಕ್ಸು ಬುಡು. ಯಾರು ಯಾರಿಗೆ ಅಂತ ಆ ಕಂಪ್ಯೂಟರ್ ಕೇಳಲ್ವಲ್ಲ. ಇನ್ನೊಂದು ಕಾಲಂ ಐತಲ್ಲ, ಮಾತುಕತೆಗೆ ಹಿರಿಯರು ಅಂತ. ಖಾಲಿ ಬಿಟ್ಟಿದೀಯ. ಹಿರಿಯರು ಸತ್ತೋಗಿದ್ರಾ?”

ಸರ್ವಮಂಗಳ ಅಲ್ಲಿ ರೇವಮ್ಮನವರ ಹೆಸರು ಬರೆದಳು. ಗೆರೆ ಎಳೆಯಲಿಲ್ಲ.

ಗುಬ್ಬಿಗೆ ವಾಪಸು ಬರುವ ಬಸ್ಸಿನಲ್ಲಿ ಸರ್ವಮಂಗಳಳ ಫೋನು ಹೊಡೆದುಕೊಂಡಿತು. ಸೋರಿಕೆಯಾದಂದಿನಿಂದ ಗುರುತಿಲ್ಲದ ನಂಬರುಗಳು ಬರುತ್ತಲೇ ಇದ್ದವು. ಕಟ್ ಮಾಡಲು ಹೋದಳು.

“ಕೊಡಿಲ್ಲಿ. ಹಿರಿಯರು ನಾನು.” ರೇವಮ್ಮ ಫೋನು ಕಿವಿಗಿಟ್ಟರು. “ಯಾರಪ್ಪಾ? ಹೂಂ, ಮಂಗಳನ ಕಡೆಯವರೇ. ಅವ್ವ ಅಲ್ಲಪ್ಪ, ಅತ್ತೆ. ಹೂಂ, ಅತ್ತೇನೇ. ಜೊತೇಲೇ ಇರ್ತೀನಿ, ಇನ್ನೆಲ್ಲಿಗೆ ಹೋಗ್ಲಿ?” ಫೋನು ಕೆಳಗಿಳಿಸಿ ಒಂದು ಕ್ಷಣ ಅದನ್ನೇ ನೋಡಿದರು. “ಇಟ್ಬುಟ್ಟ.”

“ಹೋಗ್ಲಿ ಬಿಡಿ ಅತ್ತೆ.”

“ಒಂದ್ ಮಾತಿಗೇ ಹೆದರಿದೋನು ಸಂಸಾರ ಮಾಡ್ತಾನಾ? ನೋಡನ, ಇನ್ನೊಬ್ಬ ಬತ್ತಾನೆ.”

ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಎದುರಿಗೇ ಸಿ.ಎಸ್. ಪುರದ ಬಸ್ಸು ಬೋರ್ಡು ಹಾಕಿಕೊಂಡು ನಿಂತಿತ್ತು. ಕಂಡಕ್ಟರು ಬಾಗಿಲಿಗೆ ಬಡಿದು ಊರಿನ ಹೆಸರು ಕೂಗುತ್ತಿದ್ದ. ರೇವಮ್ಮ ಬ್ಯಾಗು ಹಿಡಿದುಕೊಂಡು ಆ ಬಸ್ಸನ್ನೇ ನೋಡುತ್ತ ಕೇಳಿದರು. “ಸಿ.ಎಸ್. ಪುರದ ಬಸ್ ಹೋಯ್ತೇನೇ ಮಂಗಳಾ?”

ಸರ್ವಮಂಗಳಳೂ ಅದನ್ನೇ ನೋಡುತ್ತಿದ್ದಳು. “ಹೋಯ್ತು ಅತ್ತೆ.”

“ಹಾಳಾದ್ದು, ಇವತ್ತೇ ಟೈಮಿಗೆ ಹೊರಟೋಗಬೇಕಿತ್ತಾ!” ಎಂದು ರೇವಮ್ಮ ಬ್ಯಾಗನ್ನು ಸೊಸೆಯ ಕೈಗೆ ಕೊಟ್ಟು ಮನೆಯ ದಾರಿ ಹಿಡಿದರು.